ದೇವರ ಪಕ್ಕದಿಂದ ತೆಗೆದುಕೊಟ್ಟ ಫೋಟೊ

ಪತ್ರಿಕೆಯ ಸಂಪಾದಕರಿಗೆ, ಸೇತುವೆಯಿಂದ ಉರುಳಿದ ಬಸ್ಸಿನ ಚಾಲಕನ ಹೆಂಡತಿ ಮಾಡುವ ನಮಸ್ಕಾರಗಳು.

ಅಪಘಾತವಾಗಿ ಇವರನ್ನು ಪೊಲೀಸರು ಕರೆದೊಯ್ದ ಮರುದಿನ ನಿಮ್ಮ ವರದಿಗಾರರು ಮನೆಗೆ ಬಂದು, "ಅಮ್ಮಾ, ನಿಮ್ಮ ಯಜಮಾನರದ್ದೊಂದು ಫೋಟೊ ಇದ್ರೆ ಕೊಡಿ" ಎಂದರು. ಮುಖ ನೋಡಿದರೆ ಜನಕ್ಕೆ ಇವರು ಎಂಥವರೆಂದು ತಿಳಿದೀತು ಅಂದುಕೊಂಡು, ದೇವರ ಪಟದ ಪಕ್ಕದಲ್ಲಿದ್ದದ್ದನ್ನೇ ಇಳಿಸಿ ಕೊಟ್ಟೆ. ಮೊಮ್ಮಗಳನ್ನು ಮೊದಲ ಸಲ ತೊಡೆಯ ಮೇಲೆ ಕೂರಿಸಿಕೊಂಡಾಗ ತೆಗೆದದ್ದು ಅದು. ಕೂಸು ಅವರ ಹೊಸ ಪ್ಯಾಂಟು ಒದ್ದೆ ಮಾಡಿತ್ತು, ಅದಕ್ಕೆ ಬಾಯ್ತುಂಬ ನಗುತ್ತಿದ್ದಾರೆ.

ನೀವು ಕೂಸನ್ನು ಬಿಟ್ಟು ನಗುವ ಮುಖವನ್ನಷ್ಟೇ ಹಾಕಿದಿರಿ, ಅದೂ ಬಸ್ಸಿನಲ್ಲಿ ತೀರಿಹೋದವರ ಫೋಟೊಗಳ ಪಕ್ಕದಲ್ಲಿ. ಅಂಗಡಿಯಲ್ಲಿ ಒಬ್ಬಳು ನನ್ನ ಬೆನ್ನ ಹಿಂದೆಯೇ, "ಅಷ್ಟು ಜೀವ ತೆಗೆದು ಹೇಗೆ ಹಲ್ಲು ಕಿಸೀತಾನೆ ನೋಡೇ" ಅಂದಳು. ಜಗಳಕ್ಕೆಂದೇ ತಿರುಗಿದೆ. ಅವಳ ಕೈಯಲ್ಲಿದ್ದ ಪೇಪರು ನೋಡಿದರೆ ನನಗೂ ಹಾಗೆಯೇ ಕಂಡಿತು.

ತಪ್ಪು ಇವರದ್ದೋ ಬ್ರೇಕಿನದ್ದೋ, ಮೇಲಿರುವವನು ಬಲ್ಲ. ಆದರೆ ಕೇಸಿನ ಸುದ್ದಿ ಬಂದಾಗಲೆಲ್ಲ ಆ ಫೋಟೊವನ್ನೇ ಹಾಕುತ್ತೀರಿ. ದಯವಿಟ್ಟು ಇನ್ನು ಹಾಕಬೇಡಿ, ನಮಗೆ ವಾಪಸ್ಸು ಕಳಿಸಿಬಿಡಿ. ಬದಲಿಗೆ ಬೇರೆ ಕೊಡೋಣವೆಂದು ಪೆಟ್ಟಿಗೆಯೆಲ್ಲ ಹುಡುಕಿದೆ. ಲೈಸೆನ್ಸು ಪೊಲೀಸರ ಹತ್ತಿರವಿದೆ. ಉಳಿದದ್ದರಲ್ಲಿ ನಗದೆ ಇರುವುದು ಒಂದೂ ಇಲ್ಲ.

ನಿನ್ನೆ ಜೈಲಿಗೆ ಹೋಗಿ ನೋಡಿಬಂದೆ. ತೀರಿಹೋದವರ ಪಕ್ಕದಲ್ಲಿ ಹಾಕುವಂಥ ಮುಖ ಅವರಿಗೆ ಈಗ ಬಂದಿದೆ, ಸ್ವಾಮಿ.

ಇಂತಿ,
ಆ ಕೂಸಿನ ಅಜ್ಜಿ