ಮೂರನೇ ವಾರ್ಡಿನ ನಿದ್ದೆಯನ್ನು ಹಿಂದಿರುಗಿಸಿ

ಗಾಯಾಳು ಸೈನಿಕರ ಉತ್ಸಾಹವರ್ಧನಾ ಇಲಾಖೆಯ ಮೇಲಧಿಕಾರಿಗಳೇ,

ನಮ್ಮ ಆಸ್ಪತ್ರೆಯ ಮೂರನೇ ವಾರ್ಡಿಗೆ ತಾವು ದಯಪಾಲಿಸಿರುವ ಬ್ಯಾಂಡ್ ಸೆಟ್ಟನ್ನು ದಯವಿಟ್ಟು ವಾಪಸ್ ಕರೆಸಿಕೊಳ್ಳಿ. ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ. ತಮ್ಮ ಕಚೇರಿಯ ಬಾಗಿಲವರೆಗೆ ಬಂದು, ಜವಾನರು "ಯಾರಮ್ಮ ಬೇಕು?" ಎಂದದ್ದಕ್ಕೆ "ಯಾರೂ ಬೇಡ" ಎಂದು ಹಿಂದಿರುಗಿದವಳು ನಾನು. ಆದ್ದರಿಂದ ಊರೆಲ್ಲ ಓದುವ ಪತ್ರಿಕೆಯಲ್ಲಿ ಗುಟ್ಟಾಗಿ ಹೇಳುತ್ತಿದ್ದೇನೆ.

ಯುದ್ಧ ಶುರುವಾದ ಮೇಲೆ ನಮ್ಮ ಹೈಸ್ಕೂಲು ಆಸ್ಪತ್ರೆಯಾಯಿತು. ಸಾಹಿತ್ಯದಲ್ಲಿ ಎಂ.ಎ. ಮಾಡಿದವಳಿಂದ ದೇಶಕ್ಕೇನು ಉಪಯೋಗವೆಂದು ಯಾರಿಗೂ ಹೊಳೆಯದೆ, ಗಾಯಾಳುಗಳಿಗೆ ಓದಿಹೇಳುವ ಕೆಲಸ ಕೊಟ್ಟರು. ಲೈಬ್ರರಿಯ ಬೀರುಗಳಿಗೆ ಔಷಧದ ಪೆಟ್ಟಿಗೆಗಳು ಅಡ್ಡ ಬಂದಿದ್ದರಿಂದ, ನಾನೇ ಬರೆದ, ಯಾವ ಪ್ರಕಾಶಕರೂ ಮುಟ್ಟದ ಕಾದಂಬರಿಯನ್ನು ತಂದೆ. ಮೊದಲ ಅಧ್ಯಾಯದಲ್ಲಿ ನಾಯಕಿ ಕಿಟಕಿಯ ಬಳಿ ನಿಂತು ಯೋಚಿಸುತ್ತಾಳೆ. ಎರಡನೆಯದರಲ್ಲಿ, ಯೋಚಿಸಿದ್ದನ್ನು ನೆನೆಯುತ್ತಾಳೆ. ಅಷ್ಟರಲ್ಲಿ ಇಡೀ ವಾರ್ಡು ಗೊರಕೆ ಹೊಡೆಯುತ್ತಿತ್ತು.

ಕಣ್ಣೊರೆಸಿಕೊಂಡು ಹೊರಟವಳನ್ನು ಹೆಡ್ ನರ್ಸ್ ಅಡ್ಡಗಟ್ಟಿದರು. "ಎಲ್ಲಿಗ್ ಹೊರಟೆ? ಅಲ್ನೋಡು, ಡ್ರೈವರಣ್ಣ ಮಲಗಿದಾನೆ!"

ಡ್ರೈವರಣ್ಣ ಓಡಿಸುತ್ತಿದ್ದ ಸೇನೆಯ ಲಾರಿಯಡಿ ಬಾಂಬು ಸಿಡಿದಿತ್ತು. ಅಂದಿನಿಂದ ಕಣ್ಣು ಮುಚ್ಚಲೂ ಹೆದರುತ್ತಿದ್ದರು. ಯಾವ ಮಾತ್ರೆಗೂ ಬಗ್ಗಿರಲಿಲ್ಲ. ಎದ್ದವರೇ ಕೇಳಿದರು: "ತಂಗಿ, ಆ ಹುಡುಗಿ ಇನ್ನೂ ಕಿಟಕಿ ಹತ್ರಾನೇ ಇದಾಳಾ?"

"ಹೂಂ ಅಣ್ಣ."

"ಇರ್ಲಿ ಬಿಡು. ಅವಸರ ಮಾಡಿಸ್ಬೇಡ."

ನನ್ನ ಕೃತಿಗೆ ಸಿಕ್ಕ ಏಕೈಕ ವಿಮರ್ಶೆ ಅದು.

ಆಮೇಲೆ ತಾವು ತಪಾಸಣೆಗೆ ಬಂದಿರಿ. "ಸೈನಿಕರಿಗೆ ಬೇಕಾದದ್ದು ಹುರುಪು!" ಎನ್ನುತ್ತಾ ಕುರ್ಚಿ ಎಳೆದು ಕೂತಿರಿ. ಎಚ್ಚರವಾದ ಮೇಲೆ ಆದೇಶ ಹೊರಡಿಸಿದಿರಿ: ವಾಚನ ರದ್ದು, ಬ್ಯಾಂಡು ಕಡ್ಡಾಯ. ನಡುವೆ ಏನಾಯಿತೆಂದು ನಾನು ಬರೆಯುವುದಿಲ್ಲ. ತಮ್ಮ ಕನ್ನಡಕ ಜಾರಿ ಬೀಳದಂತೆ ತನಗೆ ಉಳಿದಿದ್ದ ಒಂದೇ ಕೈಯಲ್ಲಿ ಹಿಡಿದು ನಿಂತಿದ್ದ ಸಿಪಾಯಿಯೂ ಬಾಯಿ ಬಿಡುವುದಿಲ್ಲ. ಆದರೆ ಮಾನ್ಯರೇ, ತಮ್ಮ ನಿದ್ದೆಯ ನಾಚಿಕೆಗೆ ಇಡೀ ವಾರ್ಡು ಎಚ್ಚರವಾಗಿರಬೇಕೇ? ಹುರುಪು ತುಂಬಿಕೊಂಡು ಇವರೆಲ್ಲ ಎಲ್ಲಿಗೆ ಓಡಬೇಕು? ಬಚ್ಚಲಿಗೆ ಹೋಗುವುದಕ್ಕೇ ಇಬ್ಬರ ಹೆಗಲು ಬೇಕು.

ಈಗ ಡ್ರಮ್ಮಿಗೆ ಮೊದಲ ಪೆಟ್ಟು ಬಿದ್ದೊಡನೆ ಡ್ರೈವರಣ್ಣ ಪ್ಲಾಸ್ಟರಿನ ಕಾಲು ಎಳೆದುಕೊಂಡು ಮಂಚದ ಕೆಳಗೆ ತೂರಿಕೊಳ್ಳುತ್ತಾರೆ. ಮತ್ತೆ ನಿದ್ದೆಯಿಲ್ಲ. ಆ ಕಾಲು ಇನ್ನೊಮ್ಮೆ ಮುರಿದರೆ ಯಾವ ಶತ್ರುವನ್ನು ದೂರೋಣ? ತುತ್ತೂರಿಯವರೇ ಮೊನ್ನೆ ನನ್ನನ್ನು ಪಕ್ಕಕ್ಕೆ ಕರೆದರು. "ಅವ್ರು ಮಂಚದ ಕೆಳಗಿಂದ ಹಂಗ್ ನೋಡಿದ್ರೆ ನಮಗೆ ಉಸಿರೇ ಬರಲ್ಲ ಕಣಮ್ಮ. ಹೆಂಗಾದ್ರೂ ಮಾಡಿ ನಮ್ಮನ್ನ ಇಲ್ಲಿಂದ ಬಿಡಿಸು."

ಆದ್ದರಿಂದ ನನ್ನ ಒತ್ತಾಯವಿಷ್ಟೇ: ಬ್ಯಾಂಡಿನವರನ್ನು ಬಿಡುಗಡೆ ಮಾಡಿ, ನನ್ನ ಕುರ್ಚಿಯನ್ನು ಮತ್ತೆ ಡ್ರೈವರಣ್ಣನ ಮಂಚದ ಪಕ್ಕ ಹಾಕಿಸಿ. ಅನುಮಾನವಿದ್ದರೆ ತಾವೇ ಮತ್ತೊಮ್ಮೆ ಬಂದು ಕೇಳಿ. ಈ ಸಲ ದಿಂಬು ಕೊಡುತ್ತೇವೆ.

ಇಂತಿ,
ಮೂರನೇ ಅಧ್ಯಾಯಕ್ಕೆ ಒಬ್ಬ ಕೇಳುಗನನ್ನೂ ಎಚ್ಚರವಾಗಿ ತಲುಪಿಸದ, ಇನ್ನು ತಲುಪಿಸಲು ಬಯಸದ ಕಾದಂಬರಿಗಾರ್ತಿ