ಥ್ಯಾಂಕ್ಸ್ ಹೇಳದೆ ತಂದ ಹವಳ

ಬ್ರೆಮರ್‌ಹಾಫೆನ್
೯ ನವೆಂಬರ್ ೧೯೯೮, ಸೋಮವಾರ

ಪ್ರೀತಿಯ ಹೌಕೆ,

ಹೇಗಿದ್ದೀಯ? ಎಂಜಿನ್ ಕೋಣೆಯ ಸೆಕೆಗೆ ನಿನ್ನ ಸೊಂಟನೋವು ಸ್ವಲ್ಪ ಸಡಿಲವಾಗಿರಬಹುದು ಅಂದುಕೊಂಡಿದ್ದೇನೆ. ಹಡಗು ಡರ್ಬನ್ ಮುಟ್ಟುವ ಹೊತ್ತಿಗೆ ಅಲ್ಲಿನ ಏಜೆಂಟರ ಕೈಯಲ್ಲಿ ಈ ಕಾಗದ ಕಾದಿರಲಿ ಎಂದು ಇವತ್ತೇ ಅಂಚೆಗೆ ಹಾಕುತ್ತೇನೆ. ಮೊದಲೇ ಹೇಳಿಬಿಡುತ್ತೇನೆ: ನಮ್ಮ ಇಮ್ಕೆ ಈಗ ಹುಷಾರಾಗಿದ್ದಾಳೆ. ಆಸ್ಪತ್ರೆಯಿಂದ ಬಂದು ಸೋಫಾ ಮೇಲೆ ಮಲಗಿ, ಅಜ್ಜಿಯ ಕೈಯಲ್ಲಿ ಹಾಲುರವೆ ಮಾಡಿಸಿಕೊಂಡು ತಿನ್ನುತ್ತಿದ್ದಾಳೆ. ಒಮ್ಮೆ ಉಸಿರು ಬಿಟ್ಟು ಮುಂದಿನದನ್ನು ಓದು.

ಬೇಸಿಗೆಯಲ್ಲಿ ನೀನು ಅಕ್ವೇರಿಯಂ ಕ್ಲಬ್ಬಿನಿಂದ ಆ ಕಂದು ಹೂವಿನ ಕಲ್ಲು ತಂದೆಯಲ್ಲ, ಕೊಟ್ಟವನಿಗೂ ಅದರ ಹೆಸರು ಗೊತ್ತಿರಲಿಲ್ಲ. ನೀನು ವಾಡಿಕೆಯಂತೆ ಥ್ಯಾಂಕ್ಸ್ ಹೇಳದೆ ಎತ್ತಿಕೊಂಡು ಬಂದಿದ್ದೆ. ಅತ್ತೆಗೆ ಖುಷಿಯೋ ಖುಷಿ. "ಜೆರೇನಿಯಂ ಕಡ್ಡಿ ಆದ್ರೂ ಅಷ್ಟೇ, ಸಮುದ್ರದ ಹೂವಾದ್ರೂ ಅಷ್ಟೇ ಕಣೇ. ಥ್ಯಾಂಕ್ಸ್ ಅಂದ್ರೆ ಬದುಕಲ್ಲ. ಯಾರಿಗೂ ಹೇಳ್ದೆ ಮುರ್ಕೊಂಡು ಬಂದ್ರಂತೂ ಇನ್ನೂ ಚೆನ್ನಾಗಿ ಬದುಕುತ್ತೆ" ಎಂದು ನನಗೆ ಪಾಠ ಹೇಳಿದ್ದರು. ಬದುಕಿತು, ಹೌಕೆ. ನೀನು ಹೊರಡುವ ಹೊತ್ತಿಗೇ ಅಂಗಿ ಗುಂಡಿಯಂಥ ಆ ಬಾಯಿಗಳು ಕಲ್ಲು ತುಂಬಿದ್ದವು, ಆಮೇಲೆ ಪಕ್ಕದ ಹವಳಕ್ಕೂ ಹಬ್ಬತೊಡಗಿದವು. ನನಗಂತೂ ಅದನ್ನು ಕಂಡರೆ ಮೊದಲಿಂದಲೂ ಆಗುತ್ತಿರಲಿಲ್ಲ. ದೀಪ ಹಾಕಿದರೆ ಅರಳುವುದು, ನಾನು ಹತ್ತಿರ ಹೋದರೆ ಮುಚ್ಚಿಕೊಳ್ಳುವುದು. ಅದಕ್ಕೆ ಬೆನ್ನು ಹಾಕಿ ಕೂರಲೂ ಹೆದರಿಕೆ.

ಕ್ಲಬ್ಬಿನ ಡೆಟ್ಲೆಫ್‌ನನ್ನು ಕರೆಸಿದೆ. ತೊಟ್ಟಿಯ ಗಾಜಿಗೆ ಮೂಗು ಒತ್ತಿ ನೋಡಿ, "ಇದು ಹವಳಾನೇ ಅಲ್ಲ ಗೆಸೀನಾ, ಗಾಜಿನ ಗುಲಾಬಿ ಅಂತ ಒಂದು ಕಳೆ. ಕಲ್ಲು ಹೊರಗೆ ತೆಗೆದು ಕುದಿಯೋ ನೀರು ಹುಯ್ದುಬಿಡು, ಸಾಯುತ್ತೆ. ನಾವೆಲ್ಲ ಮಾಡೋದೇ ಹಾಗೆ" ಎಂದ. ಹೋದ ತಿಂಗಳ ಕೊನೆಯ ಶನಿವಾರ ಸಿಂಕಿನಲ್ಲಿ ಕಲ್ಲಿಟ್ಟು ಕೆಟಲಿನ ನೀರನ್ನೆಲ್ಲ ಹುಯ್ದೆ. ದಟ್ಟವಾಗಿ ಹಬೆ ಎದ್ದಿತು. ಚಳಿಗೆ ಕಿಟಕಿ ಮುಚ್ಚಿತ್ತು. ಇಮ್ಕೆ ಅಲ್ಲೇ ಮೇಜಿನ ಬಳಿ ಬಣ್ಣ ಹಚ್ಚುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೆಮ್ಮು. "ಅಮ್ಮಾ, ಬಾಯಲ್ಲಿ ಕಾಸು ಇಟ್ಕೊಂಡ ಹಾಗಾಗ್ತಿದೆ" ಎಂದಳು. ಆಮೇಲೆ ನಡುಕ, ಜ್ವರ, ಉಸಿರಿಗಾಗಿ ಒದ್ದಾಟ. ನನಗೂ ಕಾಲು ಸೋತು ಗೋಡೆ ಹಿಡಿದೆ. ಏನು ತಿಂದಿರಿ, ಯಾವ ಔಷಧಿ ಚೆಲ್ಲಿತು ಎಂದು ಡಾಕ್ಟರು ಮತ್ತೆ ಮತ್ತೆ ಕೇಳಿದರು. ಕಲ್ಲಿನ ಮೇಲೆ ಬಿಸಿನೀರು ಹುಯ್ದೆ ಎಂದರೆ ಯಾರು ನಂಬುತ್ತಾರೆ? ಹೇಳಿದೆ, ನಂಬಲಿಲ್ಲ. ಆಮ್ಲಜನಕದ ಮುಖವಾಡದೊಳಗೆ ಅವಳ ಪುಟ್ಟ ಮುಖ ನೋಡುತ್ತಾ, ನಿನಗೆ ಏನೆಂದು ಬರೆಯಬೇಕಾಗಿ ಬರುತ್ತದೋ ಎಂದುಕೊಳ್ಳುತ್ತಾ ಕೂತಿದ್ದೆ.

ಅವಳ ಜ್ವರ ಇಳಿದ ಮೇಲೂ ನನ್ನ ಭಯ ಇಳಿಯಲಿಲ್ಲ. ಏನದು ಎಂದು ತಿಳಿಯದೆ ಈ ಮನೆಯಲ್ಲಿ ಹೇಗೆ ಇರುವುದು? ಕೈಗವಸು ಹಾಕಿ, ಅರ್ಧ ಬೆಂದ ಕಲ್ಲನ್ನು ಗಾಜಿನ ಜಾಡಿಯಲ್ಲಿ ಭದ್ರವಾಗಿ ಮುಚ್ಚಿ, ವಸ್ತುಸಂಗ್ರಹಾಲಯದಲ್ಲಿ ಹವಳಗಳ ವಿಭಾಗ ನೋಡಿಕೊಳ್ಳುವ ಆನೆಗ್ರೆಟ್ ಲೂಡರ್ಸ್ ಬಳಿ ಒಯ್ದೆ. ಆಕೆ ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ ಕೆಳಗಿಟ್ಟು ಹಿಂದೆ ಸರಿದರು. "ಗಾಜಿನ ಗುಲಾಬಿ ಆಗಿದ್ರೆ ಒಂದೊಂದೂ ಬೇರೆಬೇರೆಯಾಗಿ ನಿಂತಿರೋದು. ಇದಕ್ಕೆಲ್ಲ ಬುಡದಲ್ಲಿ ಒಂದೇ ಚರ್ಮ, ಮೈಯೊಳಗೆ ಮರಳು ಹುದುಗಿದೆ ನೋಡಿ. ಇದು ಪಾಲಿಥೋವಾ, ವಿಷದ ಹವಳ. ನೀರಲ್ಲಿ ತನ್ನ ಪಾಡಿಗೆ ಇರುತ್ತೆ. ಬಿಸಿನೀರು ಹಾಕಿದ್ರೆ ವಿಷ ಹಬೆ ಜೊತೆ ಏಳುತ್ತೆ. ಮಗು ಉಳಿದಿದ್ದೇ ಹೆಚ್ಚು" ಎಂದರು. ಆಮೇಲೆ ಅಂಚನ್ನು ತೋರಿಸಿ, "ಇಲ್ಲಿ ಚಾಕು ಗುರುತಿದೆಯಲ್ಲ, ತುಂಡು ತೆಗೆದಿದ್ದು ಯಾರು?" ಎಂದು ಕೇಳಿದರು. ಕೊಟ್ಟವನೇ ತೆಗೆದಿರಬೇಕು ಎಂದೆ. ತೊಟ್ಟಿಯಲ್ಲಿ ಉಳಿದದ್ದನ್ನು ಗುರುವಾರ ಅವರೇ ಬಂದು ತೆಗೆಯುತ್ತಾರೆ. ಅಲ್ಲಿಯವರೆಗೆ ತೊಟ್ಟಿ ಇರುವ ಕೋಣೆಗೆ ಬೀಗ.

ಇಮ್ಕೆ ಮುತ್ತು ಕಳಿಸಿದ್ದಾಳೆ. ಕಾಲು ಬೆಚ್ಚಗಿಟ್ಟುಕೊಳ್ಳಲಿ ಎಂದು ಅತ್ತೆ ಅಡುಗೆಮನೆಯಿಂದಲೇ ಹೇಳುತ್ತಿದ್ದಾರೆ. ನಿನ್ನ ದಾರಿಯ ನೀರು ಶಾಂತವಾಗಿರಲಿ.

ನಿನ್ನ
ಗೆಸೀನಾ

ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ: ಲಕೋಟೆ ಅಂಟಿಸುವಾಗ ಚಾಕುವಿನ ಗುರುತಿನ ವಿಷಯ ಅತ್ತೆಗೆ ಹೇಳಿದೆ. ಅವರ ಕೈಯಿಂದ ಚಮಚ ಬಿತ್ತು. "ನಾನೇ ಕಣೇ ಕೊಯ್ದಿದ್ದು. ಅವನ ಕ್ಯಾಬಿನ್ನಲ್ಲೂ ಒಂದು ಹೂವಿರಲಿ ಅಂತ. ಹೇಳಿದ್ರೆ ಬದುಕಲ್ಲ ಅಂತ ಅವನಿಗೂ ಹೇಳಲಿಲ್ಲ" ಎಂದು ಅಳುತ್ತಿದ್ದಾರೆ. ಅದು ನಿನ್ನ ಚೀಲದ ತಳದಲ್ಲಿದೆ, ಹೌಕೆ. ಬೂದು ಉಣ್ಣೆಯ ಕಾಲುಚೀಲದೊಳಗೆ, ಚೆರಿ ಜ್ಯಾಮಿನ ಬಾಟಲಿಯಲ್ಲಿ. ಅಲ್ಲಿಯ ಸೆಕೆಯಲ್ಲಿ ಆ ಕಾಲುಚೀಲ ನೀನು ಇನ್ನೂ ತೆಗೆದಿರಲಾರೆ ಎಂಬುದೊಂದೇ ನನ್ನ ಆಸೆ. ರೇಡಿಯೋದಲ್ಲಿ ಹೇಳಿಸಲು ಈಗಲೇ ಹಡಗು ಕಂಪನಿಯ ಕಚೇರಿಗೆ ಓಡುತ್ತೇನೆ. ಅವರು ನಕ್ಕು ಕಳಿಸಿದರೆ ಈ ಕಾಗದವೇ ಗತಿ. ಹೂವು ಸತ್ತಿರುತ್ತದೆ, ಆದರೆ ವಿಷ ಸಾಯುವುದಿಲ್ಲವಂತೆ. ಜ್ಯಾಮಿನ ಬಾಟಲಿ ಕಂಡರೆ ಕುದಿಯುವ ನೀರಲ್ಲಿ ತೊಳೆದು ಎತ್ತಿಡುವವನು ನೀನು. ತೊಳೆಯಬೇಡ. ಮುಚ್ಚಳ ತೆಗೆಯಬೇಡ.