ಸದ್ದಿಲ್ಲದೆ ಓಡಿದ ಹಾಡು

ತನುಜ,

'ಕರೆದವರೆಲ್ಲ ಬಂದರೆ' ಎಂದಿತ್ತೋ, 'ಬಂದವರೆಲ್ಲ ಕೇಳಿದರೆ' ಎಂದಿತ್ತೋ ನಿನ್ನ ಹಾಡಿನ ಮೊದಲ ಸಾಲು? ಎರಡನೆಯದು ಇರಲಾರದು. ಬಂದವರು ಕೇಳದೆ ಇರುತ್ತಾರೆಯೇ? ಹಾಕಿ ನೋಡೋಣವೆಂದರೆ ಹಾಡು ಕೇಳುವ ಆ್ಯಪಿನಲ್ಲಿ ಅದೇ ಇಲ್ಲ. ನಿನ್ನೆ ತೆಗೆದುಹಾಕಿದರು.

ನೀನು ತೀರಿಕೊಂಡ ಮೇಲೆ ನಿನ್ನ ತಮ್ಮ ಜಗನ್ ಅದನ್ನು ಅಲ್ಲಿಗೆ ಏರಿಸಿದ್ದ. "ಅಕ್ಕಾ, ಕೇಳೋರು ಜಾಸ್ತಿಯಾದ್ರೆ ಆ್ಯಪೇ ಹೊಸಬರಿಗೆ ತೋರಿಸುತ್ತೆ" ಎಂದ. ನಾನು ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಮನೆಮನೆಗೂ ಹೋಗಿ ಹೇಳಿದೆ. ನಿನಗಾಗಿ ಎಲ್ಲರೂ ಒಪ್ಪಿದರು. ರೇಷ್ಮೆಹುಳುವಿಗೆ ಸೊಪ್ಪು ಹಾಕುವಾಗ, ನೂಲು ತೆಗೆಯುವಾಗ, ಮಲಗಿದಾಗಲೂ ಫೋನುಗಳಲ್ಲಿ ನಿನ್ನ ಹಾಡು ಓಡುತ್ತಿತ್ತು. ಸೀರಿಯಲ್ಲಿಗೆ ಅಡ್ಡಿಯಾಗದಂತೆ ಸದ್ದು ಮಾತ್ರ ಪೂರ್ತಿ ಇಳಿಸಿದ್ದರು. ನಾನು ಓದುವ ಪುಸ್ತಕಗಳ ಪಕ್ಕ ನನ್ನ ಫೋನೂ ಹಾಗೇ ಸದ್ದಿಲ್ಲದೆ ಓಡುತ್ತಿತ್ತು. ಒಂದೇ ಬೀದಿಯಲ್ಲಿ ಹಗಲಿರುಳು ಒಂದೇ ಹಾಡು. ಆ್ಯಪಿನವರು ಇದು ಕೇಳುಗರ ಕಳ್ಳ ಲೆಕ್ಕವೆಂದು ತೀರ್ಮಾನಿಸಿದರು.

"ಕಳ್ಳತನ ಏನಿಲ್ಲಕ್ಕಾ, ಪ್ರೀತಿ ಜಾಸ್ತಿಯಾಯ್ತು ಅಷ್ಟೇ. ಮತ್ತೆ ಏರಿಸ್ಲಾ?" ಎಂದು ಜಗನ್ ಫೋನಿನಲ್ಲಿ ನಕ್ಕ. ಮೊದಲ ಸಾಲು ಯಾವುದೆಂದು ಅವನನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಬೆಳಗಿನಿಂದ ಅಂಗಳಕ್ಕೂ ಅಡುಗೆಮನೆಗೂ ಸುಮ್ಮನೆ ಓಡಾಡುತ್ತಿದ್ದೇನೆ.

ಈಗಷ್ಟೇ ಪಕ್ಕದ ಮನೆಯ ಗಂಗುಲಮ್ಮ ಬಂದು ಬಾಗಿಲಲ್ಲೇ ನಿಂತರು.

"ತನುಜಮ್ಮನ ಹಾಡು ತೆಗೆದ್ಬಿಟ್ರಂತಲ್ಲಮ್ಮ? ಇನ್ನೊಂದ್ ಸಲ ಹಾಕ್ಸಮ್ಮ. ಈ ಸಲ ಸೌಂಡ್ ಇಟ್ಕೊಂಡು ಕೇಳ್ತೀವಿ."